ರೇನಿಯರ್ ನಡುಗಿದಾಗ ನೋಡಬೇಕಾದ್ದು

2025ರ ಜುಲೈ 8ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಜ್ವಾಲಾಮುಖಿ ಮೌಂಟ್ ರೇನಿಯರ್ ಅಡಿಯಲ್ಲಿ ಕಂಪನಗಳು ಸಾಲುಗಟ್ಟಿದವು. ನೂರಾರು ಕಂಪನಗಳಲ್ಲಿ ದೊಡ್ಡದೆಂದರೆ ಮ್ಯಾಗ್ನಿಟ್ಯೂಡ್ 2.4. 2009ರ ನಂತರ ಅಲ್ಲಿ ಇಷ್ಟು ದೊಡ್ಡ ಸರಣಿ ಕಂಡಿರಲಿಲ್ಲ. ಆದರೂ ಎಚ್ಚರಿಕೆ ಮಟ್ಟ ಹಸಿರಿನಿಂದ, ಅಂದರೆ ಸಾಮಾನ್ಯ ಸ್ಥಿತಿಯಿಂದ, ಕದಲಲಿಲ್ಲ.

ಕಾರಣವಿದೆ. ಶಿಖರದಿಂದ ಸುಮಾರು 2ರಿಂದ 6 ಕಿ.ಮೀ. ಕೆಳಗೆ, ಹಳೇ ಬಿರುಕುಗಳಲ್ಲಿ ಬಿಸಿನೀರು ನುಗ್ಗಿದರೂ ಬಂಡೆ ಹೀಗೇ ಸಿಡಿಯುತ್ತದೆ. ಶಿಲಾರಸವೇ ಮೇಲೇರುತ್ತಿದ್ದರೆ ಬರೀ ಕಂಪನಗಳ ಎಣಿಕೆ ಏರಿ ಸುಮ್ಮನಾಗುವುದಿಲ್ಲ. ಚುರುಕು ಕಂಪನಗಳ ಜೊತೆ ನಿಧಾನ ಅಲೆಯವು ಸೇರುತ್ತವೆ, ಬೆಟ್ಟದ ಮೈ ಉಬ್ಬಿದ್ದು ಜಿಪಿಎಸ್‌ನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಗಂಧಕದ ಡೈಆಕ್ಸೈಡನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಒಳಗಿನ ಅಂತರ್ಜಲವೇ ಅದನ್ನು ಹೀರಿಕೊಂಡು ಬಿಡುತ್ತದೆ.

ನೇರ ಪ್ರಸಾರದ ಕಂಪನ ಗ್ರಾಫ್ ನೋಡುವವರಿಗೆ ಒಂದು ಮಾತು. ಚಳಿಗಾಲದಲ್ಲಿ ಆಂಟೆನಾಗೆ ಮಂಜುಗಡ್ಡೆ ಕಟ್ಟಿದರೆ ರೇಡಿಯೊ ಸಂಕೇತ ಕೆಡುತ್ತದೆ. ಪರದೆಯ ತುಂಬ ದಪ್ಪ ಗೀಟು, ನೋಡಿದರೆ ಬೆಟ್ಟ ಎಡೆಬಿಡದೆ ನಡುಗುತ್ತಿದೆ ಅನ್ನಬೇಕು. ಗಾಳಿ, ಹಿಮಕುಸಿತ, ಹಿಮನದಿಯ ಜಾರಾಟವೂ ಗೆರೆ ಎಳೆಯುತ್ತವೆ. ಅಕ್ಕಪಕ್ಕದ ನಾಲ್ಕಾರು ಕಂಪನಮಾಪನ ಕೇಂದ್ರಗಳ ಗ್ರಾಫನ್ನೂ ತೆರೆಯಿರಿ. ನಿಜವಾದ ಕಂಪನವಾದರೆ ಅಲ್ಲೂ ಕೆಲವೇ ಸೆಕೆಂಡುಗಳ ಅಂತರದಲ್ಲಿ ಬಂದಿರುತ್ತದೆ. ಒಂದೇ ಕೇಂದ್ರದ ಸ್ಕ್ರೀನ್‌ಶಾಟ್ ಹಿಡಿದು ವಾಟ್ಸಾಪ್‌ನಲ್ಲಿ ಊರು ಬಿಡಿಸುವುದು ಬೇಡ.

ನಮ್ಮ ಲೆಕ್ಕದಲ್ಲಿ ಹೆಚ್ಚು ಹೆದರಬೇಕಾದ್ದು ಲಾಹಾರ್‌ಗೆ, ಹಸಿ ಕಾಂಕ್ರೀಟಿನಂತೆ ಕಣಿವೆ ಹಿಡಿದು ಇಳಿಯುವ ಕೆಸರಿಗೆ. ಅದಕ್ಕೆ ಸ್ಫೋಟವೇ ಆಗಬೇಕೆಂದಿಲ್ಲ. ಸುಮಾರು 500 ವರ್ಷಗಳ ಹಿಂದೆ ಪಡುವಣ ಇಳಿಜಾರು ಕುಸಿದು ಹರಿದ ಕೆಸರಿಗೆ ಸ್ಫೋಟದ ಕುರುಹು ಸಿಕ್ಕಿಲ್ಲ. ಇಂದಿನ ಓರ್ಟಿಂಗ್ ಪಟ್ಟಣ ನಿಂತಿರುವುದು ಅದೇ ಕೆಸರಿನ ಮೇಲೆ. ಒಳಗಿನ ಆಮ್ಲೀಯ ಬಿಸಿನೀರು ಬಂಡೆಯನ್ನು ಜೇಡಿಯಾಗಿಸಿದ ಕಡೆ ಇಂಥ ಕುಸಿತ ಸುಲಭ. ಆದ್ದರಿಂದಲೇ 1998ರಿಂದ ಕಾರ್ಬನ್, ಪುಯಾಲಪ್ ನದಿಕಣಿವೆಗಳಲ್ಲಿ ಲಾಹಾರ್ ಪತ್ತೆಗೆಂದೇ ಉಪಕರಣಗಳಿವೆ. ಈಗ ಕಿವಿಗೆ ಕೇಳದ ಕೆಳದನಿಯನ್ನು ಹಿಡಿಯುವ ಇನ್ಫ್ರಾಸೌಂಡ್ ಸಂವೇದಕಗಳೂ ಸೇರಿವೆ.

ಓರ್ಟಿಂಗ್ ಇರುವ ಪಿಯರ್ಸ್ ಕೌಂಟಿಯ ಲಾಹಾರ್ ಸೈರನ್ ಪರೀಕ್ಷೆ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ. ಬೇರೆ ಹೊತ್ತಿನಲ್ಲಿ ಕೂಗಿದರೆ ಓರ್ಟಿಂಗ್‌ನವರಿಗೆ ಉಳಿದಿರುವುದು ಹೆಚ್ಚೆಂದರೆ ಒಂದು ಗಂಟೆ. ಕಾರು ತೆಗೆದರೆ ಸಾಲಿನಲ್ಲೇ ಸಿಕ್ಕಿಬೀಳುತ್ತೀರಿ. ಗೊತ್ತುಮಾಡಿದ ದಾರಿ ಹಿಡಿದು ಎತ್ತರಕ್ಕೆ ನಡೆಯಿರಿ. ಮಕ್ಕಳನ್ನು ಕರೆತರಲು ಶಾಲೆಗೆ ಹೋಗಬೇಡಿ. ಶಾಲೆಗಳು ಪ್ರತಿವರ್ಷ ತಾಲೀಮು ಮಾಡಿವೆ, ಮೇಷ್ಟ್ರುಗಳೇ ಅವರನ್ನು ನಡೆಸಿಕೊಂಡು ಹೊರಟಿರುತ್ತಾರೆ.