ಷಿಕಾಗೊ ಅಪರಾಧದ ಅಂಕಿ: ಅಚ್ಚಿಗೆ ಹೋಗುವ ಮುನ್ನ

ಮಾನ್ಯ ಸಂಪಾದಕರೇ,

ಷಿಕಾಗೊದಲ್ಲಿ ಗುಂಡಿನ ದಾಳಿಯ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಆ ನಗರದ ಅಪರಾಧ ಶೇಕಡಾ ಇಷ್ಟು ಏರಿತು, ಇಷ್ಟು ಇಳಿಯಿತು ಎಂಬ ವರದಿಯೂ ಅಚ್ಚಾಗುತ್ತದೆ. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದ ತಂದೆ ತಾಯಂದಿರು ಅದನ್ನು ನಂಬಿ, ಯಾವ ಬಡಾವಣೆಯಲ್ಲಿ ರೂಮು ಹಿಡಿಯಬೇಕೆಂದು ತೀರ್ಮಾನಿಸುತ್ತಾರೆ. ಆದರೆ ಅಂಕಿ ಎಲ್ಲಿಂದ ಬಂತು, ಅಲ್ಲಿ ಎಣಿಸಿದ್ದೇನು ಎಂಬ ಮಾತು ಹೆಚ್ಚಿನ ವರದಿಗಳಲ್ಲಿ ಇರುವುದಿಲ್ಲ. ಆ ಕೊರತೆ ತುಂಬಿಕೊಳ್ಳಬೇಕೆಂಬುದು ಈ ಪತ್ರದ ಕೋರಿಕೆ.

ಮೂಲ ದಾಖಲೆ ಯಾರಿಗೂ ಮುಚ್ಚಿಟ್ಟಿದ್ದಲ್ಲ. ಷಿಕಾಗೊ ನಗರಾಡಳಿತದ ಡೇಟಾ ಪೋರ್ಟಲ್‌ನಲ್ಲಿ 2001ರಿಂದ ಈಚಿನ ಅಪರಾಧಗಳ ಪಟ್ಟಿ 2011ರಿಂದಲೂ ಉಚಿತವಾಗಿ ಸಿಗುತ್ತಿದೆ. 80 ಲಕ್ಷಕ್ಕೂ ಹೆಚ್ಚು ಸಾಲುಗಳಿವೆ, ಪ್ರತಿದಿನ ಹೊಸವು ಸೇರುತ್ತವೆ. ಪೊಲೀಸರು ತಮ್ಮ ದಿನನಿತ್ಯದ ದಾಖಲೆಯನ್ನು ಇಷ್ಟು ವಿವರವಾಗಿ ಜನರ ಮುಂದಿಡುವುದು ನಿಜಕ್ಕೂ ದೊಡ್ಡ ಕೆಲಸ. ಆದ್ದರಿಂದಲೇ ಅದನ್ನು ಎಚ್ಚರದಿಂದ ಓದುವ ಹೊಣೆ ನಮ್ಮ ಮೇಲಿದೆ.

ಮೊದಲು ತಿಳಿಯಬೇಕಾದದ್ದು, ಪಟ್ಟಿಯ ಒಂದು ಸಾಲು ಎಂದರೆ ಪೊಲೀಸರ ಬಳಿ ದಾಖಲಾದ ಒಂದು ಘಟನೆ. ಅಪರಾಧ ಸಾಬೀತಾಗಿದೆ ಎಂದು ಅದರ ಅರ್ಥವಲ್ಲ. ಒಂದೇ ಜಗಳದಲ್ಲಿ ಮೂವರಿಗೆ ಪೆಟ್ಟಾದರೂ ಸಾಲು ಒಂದೇ ಇರಬಹುದು. ಕೊಲೆಗೆ ಮಾತ್ರ ಬೇರೆ ನಿಯಮ: ಅಲ್ಲಿ ಸತ್ತ ಪ್ರತಿಯೊಬ್ಬರಿಗೂ ಒಂದೊಂದು ಸಾಲು. ಈ ವ್ಯತ್ಯಾಸ ತಿಳಿಯದೆ ಕೊಲೆ ಮತ್ತು ಹಲ್ಲೆಯ ಅನುಪಾತ ಲೆಕ್ಕ ಹಾಕಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಷಿಕಾಗೊ ಪೊಲೀಸರೇ ಹಿಂದೆ ಹಲ್ಲೆ ಪ್ರಕರಣಗಳಲ್ಲಿ ಬಲಿಪಶುಗಳನ್ನು ಎಣಿಸಬೇಕಾದ ಕಡೆ ಘಟನೆಗಳನ್ನು ಎಣಿಸಿದ್ದರೆಂದು, ನಗರಾಡಳಿತದ ಮೇಲೆ ನಿಗಾ ಇಡುವ ಅಲ್ಲಿನ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2014ರ ಲೆಕ್ಕತಪಾಸಣೆಯಲ್ಲಿ ಎತ್ತಿ ತೋರಿಸಿತ್ತು.

ಒಂದು ಸಾಲನ್ನೇ ಬಿಡಿಸಿ ನೋಡೋಣ. ವಿಳಾಸದ ಕಾಲಂನಲ್ಲಿ '012ಎಕ್ಸ್‌ಎಕ್ಸ್ ವೆಸ್ಟ್ ಮ್ಯಾಡಿಸನ್' ಎಂಬಂತೆ ಇರುತ್ತದೆ. ಸಂತ್ರಸ್ತರ ಮನೆ ಗುರುತಾಗದಿರಲೆಂದು ಮನೆ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಮರೆಮಾಡಿರುತ್ತಾರೆ. ಅಕ್ಷಾಂಶ ರೇಖಾಂಶವನ್ನೂ ನಿಜವಾದ ಜಾಗದಿಂದ ಸ್ವಲ್ಪ ಸರಿಸಿ, ಅದೇ ಬ್ಲಾಕಿನೊಳಗೆ ಎಲ್ಲೋ ಒಂದು ಕಡೆ ಕೊಟ್ಟಿರುತ್ತಾರೆ. ಹೀಗಿರುವಾಗ ನಕ್ಷೆಯ ಮೇಲಿನ ಚುಕ್ಕಿ ಯಾವುದೋ ಒಂದು ಅಪಾರ್ಟ್‌ಮೆಂಟಿನ ಮೇಲೆ ಕೂತಿದೆ ಎಂದು ಆ ಕಟ್ಟಡಕ್ಕೆ ಕೆಟ್ಟ ಹೆಸರು ಕೊಡುವುದು ಅನ್ಯಾಯ. ಕೆಲವು ಸಾಲುಗಳಿಗೆ ಅಕ್ಷಾಂಶ ರೇಖಾಂಶವೇ ಇಲ್ಲ. ನಕ್ಷೆ ಬರೆಯುವಾಗ ಅವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ನಕ್ಷೆಯ ಮೊತ್ತಕ್ಕೂ ಪಟ್ಟಿಯ ಮೊತ್ತಕ್ಕೂ ತಾಳೆಯಾಗುವುದಿಲ್ಲ.

ಸಮಯದ ಕಾಲಂ ಇನ್ನೂ ಮೋಸಗೊಳಿಸುತ್ತದೆ. ಗಂಟೆವಾರು ಲೆಕ್ಕ ತೆಗೆದರೆ ನಡುರಾತ್ರಿ 12ಕ್ಕೆ ಸರಿಯಾಗಿ ದೊಡ್ಡದೊಂದು ಏರಿಕೆ ಕಾಣುತ್ತದೆ. ತಿಂಗಳ ಮೊದಲನೇ ತಾರೀಕು, ಅದರಲ್ಲೂ ಜನವರಿ 1ರಂದು, ಇಂಥದೇ ಏರಿಕೆ. ವಂಚನೆ, ಗುರುತಿನ ದುರ್ಬಳಕೆ, ತಡವಾಗಿ ಬೆಳಕಿಗೆ ಬಂದ ಲೈಂಗಿಕ ಅಪರಾಧಗಳಲ್ಲಿ ನಿಖರ ಹೊತ್ತು ಗೊತ್ತಿರುವುದಿಲ್ಲ. ದಾಖಲಿಸುವವರು ಏನಾದರೊಂದು ತುಂಬಲೇಬೇಕಾದ್ದರಿಂದ ಸುಮ್ಮನೆ ದಿನದ ಅಥವಾ ತಿಂಗಳ ಆರಂಭವನ್ನು ಹಾಕುತ್ತಾರೆ. 'ನಡುರಾತ್ರಿಯೇ ಅತಿ ಅಪಾಯದ ಹೊತ್ತು' ಎಂಬ ಶೀರ್ಷಿಕೆ ಹುಟ್ಟುವುದು ಇಲ್ಲಿಂದಲೇ.

ತೀರಾ ಈಚಿನ 7 ದಿನಗಳ ಘಟನೆಗಳು ಪಟ್ಟಿಯಲ್ಲಿ ಇರುವುದೇ ಇಲ್ಲ. ಆದ್ದರಿಂದ ತಿಂಗಳ ಕೊನೆಯ ದಿನ ಇಳಿಸಿಕೊಂಡ ಫೈಲಿನಿಂದ 'ಈ ತಿಂಗಳು ಇಳಿಕೆ' ಎಂದು ಬರೆದರೆ ಒಂದು ವಾರ ಖೋತಾ. ಹಳೆಯ ಸಾಲುಗಳೂ ಬದಲಾಗುತ್ತವೆ. ಹಲ್ಲೆ ಎಂದು ದಾಖಲಾದದ್ದು ಗಾಯಾಳು ತೀರಿಕೊಂಡ ಮೇಲೆ ಕೊಲೆಯಾಗುತ್ತದೆ. ಬಂಧನ ಆಗಿದೆಯೋ ಇಲ್ಲವೋ ಎಂಬ ಕಾಲಂ ತಿಂಗಳುಗಳ ನಂತರ ತಿದ್ದುಪಡಿಯಾಗಬಹುದು. ಹೋದ ವರ್ಷದ ಬಂಧನ ಪ್ರಮಾಣದ ಪಕ್ಕದಲ್ಲಿ ಈ ವರ್ಷದ್ದನ್ನು ಇಟ್ಟು ಪೊಲೀಸರು ಸೋಮಾರಿಗಳಾದರು ಎನ್ನಲಾಗದು, ತನಿಖೆಗೆ ಸಿಕ್ಕ ಕಾಲವೇ ಬೇರೆ. ಫೈಲ್ ಇಳಿಸಿಕೊಂಡ ದಿನಾಂಕವನ್ನು ವರದಿಯಲ್ಲಿ ಹಾಕುವುದು ಇದಕ್ಕಾಗಿಯೇ ಅಗತ್ಯ.

ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಎರಡು ಮಾತು. ಅದರ ಒಂದು ಹಾಳೆಯಲ್ಲಿ 10,48,576 ಸಾಲು ಮಾತ್ರ ಹಿಡಿಯುತ್ತದೆ. ಇಡೀ ಪಟ್ಟಿ ತೆರೆದರೆ ಉಳಿದದ್ದೆಲ್ಲ ಕತ್ತರಿಸಿಹೋಗುತ್ತದೆ. ಪೋರ್ಟಲ್‌ನಲ್ಲೇ ವರ್ಷದ ಫಿಲ್ಟರ್ ಹಾಕಿ ಒಂದೊಂದೇ ವರ್ಷ ಇಳಿಸಿಕೊಳ್ಳಿ. ಎರಡನೆಯದು, ಅಪರಾಧದ ಬಗೆ ತಿಳಿಸುವ ನಾಲ್ಕಂಕಿಯ ಐಯುಸಿಆರ್ ಕೋಡ್. ಕೊಲೆಗೆ 0110, 500 ಡಾಲರ್ ಒಳಗಿನ ಕಳವಿಗೆ 0820, ಮನೆಯವರ ನಡುವಿನ ಸಾಮಾನ್ಯ ಹಲ್ಲೆಗೆ 0486. ಆ ಕಾಲಂ ಅನ್ನು 'ಟೆಕ್ಸ್ಟ್' ಎಂದು ಗೊತ್ತುಮಾಡದಿದ್ದರೆ ಎಕ್ಸೆಲ್ ಮೊದಲ ಸೊನ್ನೆಯನ್ನು ನುಂಗಿಬಿಡುತ್ತದೆ, ಆಮೇಲೆ ಕೋಡ್ ಪಟ್ಟಿಯ ಜೊತೆ ಹೊಂದಿಸಲು ಹೋದರೆ ಸೊನ್ನೆಯಿಂದ ಶುರುವಾಗುವ ಕೋಡ್‌ಗಳು ಕೂಡದೇ ಹೋಗಬಹುದು. ಹಲ್ಲೆಯ ಸಾಲುಗಳಲ್ಲಿ ಸರಿಸುಮಾರು ಅರ್ಧದಷ್ಟು 'ಕೌಟುಂಬಿಕ' ಎಂದು ಗುರುತಾಗಿರುತ್ತವೆ. ರಸ್ತೆಯಲ್ಲಿ ಅಪರಿಚಿತರ ಭಯ ಎಷ್ಟೆಂದು ತಿಳಿಯಬಯಸುವವರು ಅವನ್ನು ಬೇರ್ಪಡಿಸಿಯೇ ನೋಡಬೇಕು.

ಪೊಲೀಸರ ನಡವಳಿಕೆ ಬದಲಾದರೂ ಅಂಕಿ ಬದಲಾಗುತ್ತದೆ, ಊರು ಬದಲಾಗಿರಬೇಕೆಂದಿಲ್ಲ. ಮನೆಗಳ್ಳತನವನ್ನು ಕಳೆದುಕೊಂಡವರು ಬಂದು ಹೇಳುತ್ತಾರೆ. ಮಾದಕವಸ್ತು ಪ್ರಕರಣ ಹುಟ್ಟುವುದು ಮಾತ್ರ ಬಹುಮಟ್ಟಿಗೆ ಪೊಲೀಸರು ಯಾರನ್ನಾದರೂ ತಡೆದು ತಪಾಸಣೆ ಮಾಡಿದಾಗ. ಹಾಗಾಗಿ ಆ ಸಾಲುಗಳಲ್ಲಿ ಬಂಧನವೂ ಬಹುತೇಕ ಖಚಿತ. 2016ರ ಜನವರಿಯಿಂದ ಷಿಕಾಗೊದಲ್ಲಿ ಬೀದಿ ತಪಾಸಣೆಗೆ ಕಾರಣ ಸಹಿತ ವಿವರವಾದ ವರದಿ ಬರೆಯುವ ನಿಯಮ ಬಂತು, ತಪಾಸಣೆಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಅಂಥ ಹೊತ್ತಿನಲ್ಲಿ ಮಾದಕವಸ್ತು ಪ್ರಕರಣ ಇಳಿಯಿತೆಂದರೆ ಜನ ಸೇವನೆ ಬಿಟ್ಟರೆಂದು ಹೇಳಲು ಬರುವುದಿಲ್ಲ. ಗುಂಡಿನ ಸದ್ದು ಹಿಡಿಯುವ ಶಾಟ್‌ಸ್ಪಾಟರ್ ಯಂತ್ರದ್ದೂ ಇದೇ ಪಾಠ. 2020ರ ಆರಂಭದಿಂದ 2021ರ ಮೇ ವರೆಗೆ ಅದು ಕೊಟ್ಟ ಸುಮಾರು 50,000 ಎಚ್ಚರಿಕೆಗಳನ್ನು ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಪರಿಶೀಲಿಸಿತು. ಫಲಿತಾಂಶ ದಾಖಲಾಗಿದ್ದ ಎಚ್ಚರಿಕೆಗಳ ಪೈಕಿ ಬಂದೂಕಿನ ಅಪರಾಧಕ್ಕೆ ಪುರಾವೆ ಕಂಡದ್ದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ನಗರ 2024ರ ಸೆಪ್ಟೆಂಬರ್‌ನಲ್ಲಿ ಆ ಯಂತ್ರದ ಬಳಕೆ ನಿಲ್ಲಿಸಿತು. ಎಚ್ಚರಿಕೆಗಳ ಎಣಿಕೆಯನ್ನೇ ಗುಂಡಿನ ದಾಳಿಗಳ ಎಣಿಕೆ ಎಂದು ಬರೆದವರು ಈಗ ಹೋಲಿಸಲು ಏನೂ ಇಲ್ಲದೆ ಉಳಿದಿದ್ದಾರೆ.

ಕೊಲೆಯ ಸಂಖ್ಯೆಗೆ ಬರೋಣ, ಶೀರ್ಷಿಕೆಗೆ ಏರುವುದು ಅದೇ. 2021ರಲ್ಲಿ ಷಿಕಾಗೊ ಪೊಲೀಸರ ಲೆಕ್ಕ ಸುಮಾರು 800. ಅದೇ ವರ್ಷ, ಷಿಕಾಗೊ ಸೇರಿರುವ ಕುಕ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಮರಣ ಪರೀಕ್ಷಾ ಕಚೇರಿಯ ಲೆಕ್ಕ 1,000 ದಾಟಿತ್ತು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಕೌಂಟಿಯಲ್ಲಿ ಉಪನಗರಗಳೂ ಸೇರುತ್ತವೆ. ನಗರದೊಳಗಿನ ಎಕ್ಸ್‌ಪ್ರೆಸ್‌ವೇ ಮೇಲಿನ ಕೊಲೆ ಇಲಿನಾಯ್ ರಾಜ್ಯ ಪೊಲೀಸರ ವ್ಯಾಪ್ತಿಗೆ ಬರುವುದರಿಂದ ನಗರ ಪೊಲೀಸರ ಮೊತ್ತದಲ್ಲಿ ಇರುವುದಿಲ್ಲ. ಮರಣ ಪರೀಕ್ಷೆಯ ವೈದ್ಯರಿಗೆ ಇನ್ನೊಬ್ಬರ ಕೈಯಿಂದಾದ ಸಾವೆಲ್ಲ ಒಂದೇ ಬಗೆ, ಪೊಲೀಸರ ಗುಂಡಿಗೆ ಸತ್ತದ್ದೂ ಸೇರಿ. 2024ರಲ್ಲಿ ಪೊಲೀಸರ ಲೆಕ್ಕ 573ಕ್ಕೆ ಇಳಿಯಿತು. ಸುಮಾರು 27 ಲಕ್ಷ ಜನಸಂಖ್ಯೆಗೆ ಅದು ಲಕ್ಷಕ್ಕೆ 21. ಅದೇ ವರ್ಷ ಸೇಂಟ್ ಲೂಯಿಸ್‌ನಲ್ಲಿ 150 ಕೊಲೆಗಳಾದವು. ಅಲ್ಲಿನ ಜನಸಂಖ್ಯೆ ಮೂರು ಲಕ್ಷಕ್ಕೂ ಕಡಿಮೆ, ಲಕ್ಷಕ್ಕೆ 50ರ ಮೇಲಾಯಿತು. 'ಅಮೆರಿಕದ ಕೊಲೆ ರಾಜಧಾನಿ' ಎಂಬ ಬಿರುದನ್ನು ಷಿಕಾಗೊಗೆ ಅಂಟಿಸುವ ಮುನ್ನ ಈ ಭಾಗಾಕಾರ ಮಾಡಲಿ.

ಬಡಾವಣೆಗಳ ಹೋಲಿಕೆಗೆ ವಾರ್ಡ್ ಬೇಡ. 50 ವಾರ್ಡ್‌ಗಳ ಗಡಿ ಪ್ರತಿ ಜನಗಣತಿಯ ನಂತರ ಮರುವಿಂಗಡಣೆಯಾಗುತ್ತದೆ. 2012ರಲ್ಲಿ ಮೂರು ಪೊಲೀಸ್ ಜಿಲ್ಲೆಗಳು ಬೇರೆಯವುಗಳಲ್ಲಿ ವಿಲೀನವಾಗಿ ಈಗ 22 ಇವೆ. 1920ರ ದಶಕದಲ್ಲಿ ಗುರುತಿಸಿದ ಸಮುದಾಯ ಪ್ರದೇಶಗಳು ಮಾತ್ರ ಹೆಚ್ಚು ಬದಲಾಗಿಲ್ಲ, ಒಟ್ಟು 77. ಆದರೆ ಅಲ್ಲೂ ಭಾಗಿಸುವ ಸಂಖ್ಯೆಯ ಬಗ್ಗೆ ಎಚ್ಚರ. ನಗರದ ನಡುಭಾಗದ ಲೂಪ್‌ನಲ್ಲಿ ವಾಸಿಸುವವರು 42,000ದ ಆಸುಪಾಸು, ಹಗಲು ಅಲ್ಲಿಗೆ ಬಂದುಹೋಗುವವರು ಅದರ ಎಷ್ಟೋ ಪಟ್ಟು. ನಿವಾಸಿಗಳಿಂದಷ್ಟೇ ಭಾಗಿಸಿದರೆ ಅಂಗಡಿ ಕಳವುಗಳಿಂದಾಗಿ ಲೂಪ್ ಭಯಾನಕವಾಗಿ ಕಾಣುತ್ತದೆ.

ವಿದ್ಯಾರ್ಥಿಗಳ ತಂದೆ ತಾಯಂದಿರಿಗೆ ಇನ್ನೊಂದು ದಾರಿ ಇದೆ, ಪತ್ರಿಕೆಯಲ್ಲಿ ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. 1990ರ ಕ್ಲೆರಿ ಕಾಯ್ದೆಯಂತೆ, ತನ್ನದೇ ಪೊಲೀಸ್ ಅಥವಾ ಭದ್ರತಾ ವಿಭಾಗವಿರುವ ಪ್ರತಿ ವಿಶ್ವವಿದ್ಯಾಲಯ ದಿನವಹಿ ಅಪರಾಧ ದಾಖಲೆ ಇಡಬೇಕು, ದೂರು ಬಂದ ಎರಡು ಕೆಲಸದ ದಿನಗಳೊಳಗೆ ಅದರಲ್ಲಿ ನಮೂದಿಸಬೇಕು. ಕಳೆದ 60 ದಿನಗಳ ದಾಖಲೆಯನ್ನು ಕೇಳಿದವರಿಗೆಲ್ಲ ತೋರಿಸಬೇಕು. ಕ್ಯಾಂಪಸ್ ಸುತ್ತಲಿನ ಸ್ಥಿತಿ ತಿಳಿಯಲು ಮೊದಲು ಇದನ್ನು ನೋಡಿ, ಆಮೇಲೆ ಆ ಸಮುದಾಯ ಪ್ರದೇಶದ ಹಿಂದಿನ 12 ತಿಂಗಳ ಸಾಲುಗಳನ್ನು ನಗರದ ಪಟ್ಟಿಯಿಂದ ತೆಗೆದುಕೊಳ್ಳಲಿ.

ಇಂಥ ವರದಿಯ ಕೆಳಗೆ ಒಂದೇ ಒಂದು ಸಾಲು ಸೇರಿಸಿ: ಎಣಿಸಿದವರು ಯಾರು, ಎಣಿಸಿದ್ದು ಘಟನೆಯೋ ವ್ಯಕ್ತಿಯೋ, ಫೈಲ್ ಯಾವ ದಿನದ್ದು, ಎಷ್ಟು ಜನಸಂಖ್ಯೆಯಿಂದ ಭಾಗಿಸಿದ್ದು.

ಇತಿ,
ಒಬ್ಬ ಓದುಗ, ಮೈಸೂರು