ಕಾಲಿನ ಹುಣ್ಣು ವಾಸಿಯಾಯಿತು: ನೆರವಾದವರಿಗೆ ವಂದನೆಗಳು

ಎಡ ಪಾದದ ಗಂಟಿನ ಒಳಬದಿಯಲ್ಲಿ ತಿಂಗಳುಗಟ್ಟಲೆ ಒಸರುತ್ತಿದ್ದ ಹುಣ್ಣು ಪೂರ್ತಿ ವಾಸಿಯಾಗಿ, ಈ ವಾರದಿಂದ ಮಂಗಳೂರಿನ ಜವಳಿ ಅಂಗಡಿಯ ಸೀರೆ ವಿಭಾಗದ ಕೆಲಸಕ್ಕೆ ಮರಳಿದ್ದೇನೆ. ನೆರವಾದ ಪ್ರತಿಯೊಬ್ಬರ ಮನೆಗೂ ಹೋಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಂದನೆ ಸರಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರಿಗೆ. ಮುಲಾಮು ಬದಲಿಸುತ್ತ ಕಾಲ ಕಳೆಯದೆ, ನನ್ನನ್ನು ನಿಲ್ಲಿಸಿಯೇ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ರೋಗದ ಮೂಲ ಚರ್ಮದಲ್ಲಿಲ್ಲ, ಪಾದದಿಂದ ತೊಡೆಸಂದಿಯವರೆಗೆ ಏರುವ ದೊಡ್ಡ ನರದಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ರಕ್ತನಾಳದಲ್ಲಿದೆ ಎಂದು ಅವರು ತೋರಿಸಿಕೊಟ್ಟರು. ಹೃದಯದ ಕಡೆಗೆ ಏರುವ ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ಕವಾಟಗಳು ಈ ನರಗಳಲ್ಲಿರುತ್ತವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗದೆ ನಿಂತವರ ಪಾದದ ಗಂಟಿನ ಬಳಿ ನರದ ಒತ್ತಡ ಪಾದರಸದ 80–90 ಮಿಲಿಮೀಟರಿನಷ್ಟಿರುತ್ತದೆ, ಕವಾಟ ಗಟ್ಟಿಯಿರುವವರು ಕೆಲವು ಹೆಜ್ಜೆ ನಡೆದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ, ಕವಾಟ ಸೋತವರಲ್ಲಿ ಅಷ್ಟು ಇಳಿಯುವುದಿಲ್ಲ ಎಂದು ಅವರು ವಿವರಿಸಿದಾಗ, ಸಂಜೆಯಾಗುತ್ತಲೇ ನನ್ನ ಕಾಲು ಏಕೆ ಊದುತ್ತಿತ್ತೆಂಬುದು ಅರ್ಥವಾಯಿತು. ತಾಯಿಗೂ ನರ ಉಬ್ಬಿತ್ತು, ನನಗೆ ಎರಡು ಹೆರಿಗೆಯಾಗಿದೆ, ಆದ್ದರಿಂದ ನಿಂತು ಮಾಡುವ ಕೆಲಸವೊಂದನ್ನೇ ದೂರುವಂತಿಲ್ಲವೆಂದೂ ಅವರು ಹೇಳಿದರು. ಆ ನೇರ ಮಾತಿನಿಂದಲೇ ಕೆಟ್ಟ ನರವನ್ನು ಮುಚ್ಚುವ ಲೇಸರ್ ಚಿಕಿತ್ಸೆಗೆ ಒಪ್ಪುವ ಧೈರ್ಯ ಬಂತು.

ಡ್ರೆಸ್ಸಿಂಗ್ ಕೋಣೆಯ ಸಿಸ್ಟರ್‌ಗಳ ಋಣ ಇನ್ನೂ ದೊಡ್ಡದು. ಪಾದಕ್ಕೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ನಾಡಿ ಹಿಡಿದು ನೋಡಿದ ಮೇಲೆಯೇ ಅವರು ಬಿಗಿ ಬ್ಯಾಂಡೇಜು ಸುತ್ತುತ್ತಿದ್ದರು. ರಕ್ತ ಪೂರೈಕೆ ಕಡಿಮೆಯಿರುವ ಕಾಲಿಗೆ ಆ ಬಿಗಿತವೇ ಅಪಾಯವಂತೆ. ಬೆಳಗ್ಗೆ ಕಾಲು ನೆಲಕ್ಕಿಡುವ ಮೊದಲೇ ಕಾಲನ್ನು ಬಿಗಿಯಾಗಿ ಹಿಡಿಯುವ ಸ್ಟಾಕಿಂಗ್ಸ್ ಏರಿಸಬೇಕು, ಮಲಗುವಾಗ ಪಾದ ಎದೆಗಿಂತ ಎತ್ತರದಲ್ಲಿರಬೇಕು ಎಂಬುದನ್ನು ಬೇಸರಿಸದೆ ಕಲಿಸಿದರು. ಮಂಗಳೂರಿನ ಸೆಕೆಯಲ್ಲಿ ಆ ಸ್ಟಾಕಿಂಗ್ಸ್ ತೊಡುವುದು ಒಂದು ವ್ರತವೇ ಸರಿ.

ಸಹೋದ್ಯೋಗಿಗಳು ಮೇಲಿನ ಅಟ್ಟದಿಂದ ಸೀರೆ ಇಳಿಸುವ ಕೆಲಸವನ್ನು ತಾವೇ ವಹಿಸಿಕೊಂಡು, ಮಡಚುವ ಮತ್ತು ಫಾಲ್ಸ್ ಹಚ್ಚುವ ಕೆಲಸವನ್ನು ನನಗೆ ಬಿಟ್ಟಿದ್ದಾರೆ. ಮಾಲಕರು ಕೌಂಟರಿನ ಹಿಂದೆ ಎಲ್ಲರಿಗೂ ಸ್ಟೂಲು ಹಾಕಿಸಿದ್ದಾರೆ. ಹಳೆಯ ಜವಳಿ ಅಂಗಡಿಗಳಲ್ಲಿ ಗಾದಿಯ ಮೇಲೆ ಕುಳಿತೇ ಸೀರೆ ತೋರಿಸುತ್ತಿದ್ದರು; ಗಿರಾಕಿಗಳ ಎದುರು ಕುಳಿತರೆ ಅಗೌರವವೆಂಬ ನಿಯಮ ಗಾಜಿನ ಶೋರೂಮುಗಳ ಜೊತೆಗೇ ಬಂದದ್ದಿರಬೇಕು.

ನನ್ನ ಪರಿಚಯವೇ ಇಲ್ಲದವರಿಗೂ ಒಂದು ವಂದನೆ ಸಲ್ಲಬೇಕು. ಕೋಝಿಕ್ಕೋಡಿನ ಪಿ. ವಿಜಿ ಮತ್ತು ಅವರ ‘ಪೆಣ್‌ಕೂಟ್ಟು’ ಸಂಘಟನೆಯ ಮಹಿಳೆಯರು ವರ್ಷಗಟ್ಟಲೆ ಹೋರಾಡಿದ ಫಲವಾಗಿ, ಅಂಗಡಿ ನೌಕರರು ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕನ್ನು ಕೇರಳ 2018ರಲ್ಲಿ ಕಾನೂನಿಗೆ ಸೇರಿಸಿತು; 2021ರಲ್ಲಿ ತಮಿಳುನಾಡು ಕೂಡ ಅದೇ ದಾರಿ ಹಿಡಿಯಿತು. ಮಾಲಕರ ಮುಂದೆ ಸ್ಟೂಲಿನ ಮಾತೆತ್ತುವಾಗ ನಾವು ಮುಂದಿಟ್ಟದ್ದು ಇದೇ ಉದಾಹರಣೆಯನ್ನು.

ನಮ್ಮ ಬಿಲ್ಲಿಂಗ್ ವಿಭಾಗದ ಹುಡುಗಿಯೊಬ್ಬಳಿಗೂ ಮೀನಖಂಡದಲ್ಲಿ ನರ ಉಬ್ಬತೊಡಗಿದೆ. ಮುಂದಿನ ತಪಾಸಣೆಗೆ ಹೋಗುವಾಗ ಅವಳನ್ನೂ ಜೊತೆಗೆ ಕರೆದೊಯ್ಯುವುದಾಗಿ ಅವಳ ಅಮ್ಮನಿಗೆ ಹೇಳಿದ್ದೇನೆ.