ಆ ಅಕ್ಕಂದಿರ ಪಿಎಫ್ ಮತ್ತು ನಿನ್ನ ಪ್ರಾರ್ಥನೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಟೆಕ್ ಪಾರ್ಕಲ್ಲಿ ನಿನ್ನ ಕೈಕೆಳಗೆ ಗುಡಿಸಿ ಒರೆಸಿ ಟಾಯ್ಲೆಟ್ ತೊಳೆಯೋ ಅಕ್ಕಂದಿರ ಸಂಬಳದಲ್ಲಿ ಪ್ರತಿ ತಿಂಗಳು ಪಿಎಫ್ ಅಂತ ದುಡ್ಡು ಹಿಡ್ಕೋತಾರೆ, ಅಕೌಂಟಿಗೆ ಮಾತ್ರ ಬಿದ್ದಿಲ್ಲ, ಕೇಳಿದ್ರೆ ಕಂಟ್ರಾಕ್ಟರ್ ನಾಳೆಯಿಂದ ಬರಬೇಡಿ ಅಂತಾನೆ. ಇಷ್ಟೆಲ್ಲಾ ಬರೆದು ಕೊನೇಲಿ "ದೇವರ ಚಿತ್ತ, ನಾವು ಕ್ರೈಸ್ತರು ಕ್ಷಮಿಸ್ಬೇಕು, ಪ್ರಾರ್ಥನೆ ಮಾಡ್ತಿದೀನಿ" ಅಂದಿದೀಯ. ಆ ಕೊನೇ ಸಾಲು ನಂಗೆ ಒಪ್ಪಿಗೆ ಆಗ್ಲಿಲ್ಲ ಕಣೋ. ನಿನ್ನ ಹೆಸರು ಹಾಕಿಲ್ಲ, ಆದ್ರೆ ಎಲ್ರಿಗೂ ಕಾಣೋ ಹಾಗೇ ಬರೀತಿದೀನಿ, ಯಾಕಂದ್ರೆ ನಮ್ಮ ಸಭೆಗಳಲ್ಲಿ ಈ ಮಾತು ಹೇಳ್ಕೊಂಡು ಸುಮ್ನೆ ಕೂತಿರೋನು ನೀನೊಬ್ಬನೇ ಅಲ್ಲ.

ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ಕೆನ್ನೆ ತೋರಿಸು ಅಂದ್ರು ಯೇಸುಸ್ವಾಮಿ, ಸರಿ. ನಿನ್ನ ಕೆನ್ನೆ ನೀನು ತೋರಿಸು. ಆ ಅಕ್ಕಂದಿರ ಕೆನ್ನೆ ತೋರ್ಸೋಕೆ ನಿಂಗೆ ಯಾರು ಹೇಳಿದ್ರು? ಮಹಾಯಾಜಕನ ಮುಂದೆ ಓಲೇಕಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಏನಂದ್ರು, ಬೈಬಲಲ್ಲಿ ಯೋಹಾನ 18 ತೆಗೆದು ನೋಡು, ನಾನು ತಪ್ಪು ಮಾತಾಡಿದ್ರೆ ತೋರ್ಸು, ಸರಿಯಾಗೇ ಮಾತಾಡಿದ್ರೆ ಯಾಕೆ ಹೊಡೀತೀಯ ಅಂತ ಕೇಳಿದ್ರು. ತಿರುಗಿ ಹೊಡೀಲಿಲ್ಲ, ಆದ್ರೆ ಆ ಏಟನ್ನ ಸರಿ ಅಂತ ನುಂಗ್ಕೊಳ್ಲೂ ಇಲ್ಲ.

ಮೊದಲ ಕಾಲದ ಕ್ರೈಸ್ತ ಪ್ರಚಾರಕರಾದ ಪೌಲ ಸೀಲರ ಕಥೆ ಸಂಡೇ ಸ್ಕೂಲಿಂದ ಕೇಳಿದೀವಿ, ಫಿಲಿಪ್ಪಿ ಜೈಲಲ್ಲಿ ಮಧ್ಯರಾತ್ರಿ ಹಾಡಿದ್ದು, ಭೂಕಂಪ ಆಗಿದ್ದು, ಅಲ್ಲಿಗೇ ನಿಲ್ಲಿಸ್ಬಿಡ್ತಾರೆ. ಬೆಳಗ್ಗೆ ಆಗಿದ್ದನ್ನ ಯಾರೂ ಪ್ರಸಂಗ ಮಾಡಲ್ಲ. ಅಧಿಕಾರಿಗಳು ಬಿಟ್ಟು ಕಳ್ಸಿ ಅಂತ ಹೇಳಿಕಳ್ಸಿದ್ರೆ ಪೌಲ ಹೋಗಲ್ಲ ಅಂದ. ವಿಚಾರಣೆನೇ ಇಲ್ದೆ ರೋಮಿನ ಪ್ರಜೆಗಳಾದ ನಮ್ಮನ್ನ ಎಲ್ಲರೆದುರು ಹೊಡ್ಸಿ, ಈಗ ಗುಟ್ಟಾಗಿ ಸಾಗಹಾಕ್ತೀರಾ, ಅವರೇ ಬಂದು ಕರ್ಕೊಂಡು ಹೋಗ್ಲಿ ಅಂದ. ಬಂದ್ರು ಕೂಡ. ರಾತ್ರಿ ಹಾಡಿದವನೇ ಬೆಳಗ್ಗೆ ಹಟ ಹಿಡಿದಿದ್ದು.

ನಿನ್ನ ವಿಷಯಕ್ಕಂತೂ ಯಾಕೋಬ ಬೈಬಲಲ್ಲಿರೋ ತನ್ನ ಪತ್ರದಲ್ಲಿ ನೇರವಾಗೇ ಬರೆದಿದಾನೆ, 5ನೇ ಅಧ್ಯಾಯ 4ನೇ ವಚನ, ಹೊಲ ಕೊಯ್ದವರಿಗೆ ಕೊಡದೆ ಮೋಸದಿಂದ ಹಿಡ್ಕೊಂಡ ಕೂಲಿ ಕೂಗ್ತಿದೆ, ಆ ಕೂಗು ಕರ್ತನ ಕಿವಿಗೆ ಮುಟ್ಟಿದೆ ಅಂತ. ದೇವರ ಕಿವಿಗೆ ಮುಟ್ಟಿರೋದು ಸೂಪರ್‌ವೈಸರ್ ಕಿವಿಗೆ ಮುಟ್ಟಲ್ವಾ? ಬೇಜಾರಾಗ್ಬೇಡ, ಕೋಪದಲ್ಲಿ ಬರೀತಿಲ್ಲ.

ಬೆಂಗಳೂರಿನ ಬೆನ್ಸನ್ ಟೌನ್‌ನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ಗೆ 1975ರಿಂದ 1986ರವರೆಗೆ ಡೈರೆಕ್ಟರ್ ಆಗಿದ್ದವರು ಫಾದರ್ ಸ್ಟ್ಯಾನ್ ಸ್ವಾಮಿ. ಆಮೇಲೆ ಜಾರ್ಖಂಡಲ್ಲಿ ಆದಿವಾಸಿಗಳ ಭೂಮಿಗಾಗಿ, ವಿಚಾರಣೆ ಇಲ್ದೆ ಜೈಲಲ್ಲಿದ್ದ ಅವರ ಹುಡುಗರಿಗಾಗಿ ದುಡಿದ್ರು. 2020ರ ಅಕ್ಟೋಬರಲ್ಲಿ ಯುಎಪಿಎ ಅನ್ನೋ ಭಯೋತ್ಪಾದನೆ ತಡೆ ಕಾನೂನಿನ ಕೇಸಲ್ಲಿ ಅವರನ್ನೇ ಅರೆಸ್ಟ್ ಮಾಡಿದ್ರು, ಪಾರ್ಕಿನ್ಸನ್‌ನಿಂದ ಕೈ ನಡುಗೋ ಮನುಷ್ಯ ನೀರು ಕುಡಿಯೋ ಸಿಪ್ಪರ್‌ಗೂ ಕೋರ್ಟಿಗೆ ಅರ್ಜಿ ಹಾಕ್ಬೇಕಾಯ್ತು, ಆರೋಪ ಒಪ್ಪದೆ, ಜಾಮೀನೂ ಸಿಗದೆ 2021ರ ಜುಲೈ 5ಕ್ಕೆ ತೀರ್ಕೊಂಡ್ರು, 84 ವರ್ಷ. ನಾನು ಸುಮ್ನೆ ನೋಡ್ತಾ ನಿಂತಿರೋನಲ್ಲ, ಬೆಲೆ ಕೊಡೋಕೆ ರೆಡಿ ಅಂತ ಅರೆಸ್ಟ್‌ಗೆ ಮುಂಚೆನೇ ಹೇಳಿದ್ರು. ನಿನ್ನಿಂದ ಅಷ್ಟು ಯಾರೂ ಕೇಳ್ತಿಲ್ಲ. ಆದ್ರೆ ನಿನಗೂ ಕೆಲಸ ಹೋಗಬಹುದು, ಮನೆ ಬಾಡಿಗೆ, ಮಗಳ ಫೀಸ್ ಎಲ್ಲಾ ಇದೆ, ಅದು ಸಣ್ಣ ಭಯ ಅಂತ ನಾನು ಹೇಳಲ್ಲ. ಅದಕ್ಕೇ ನೀನೊಬ್ಬನೇ ಹೋಗ್ಬೇಡ ಅಂತಿರೋದು.

ಮೂಲ ವೇತನ, ಡಿಎ (ತುಟ್ಟಿಭತ್ಯೆ) ಮೇಲೆ ಶೇ. 12 ಹಿಡ್ಕೊಂಡ್ರೆ ಮುಂದಿನ ತಿಂಗಳು 15ರ ಒಳಗೆ ಪಿಎಫ್‌ಗೆ ಕಟ್ಟಲೇಬೇಕು, ಕೆಲಸ ಕೊಟ್ಟವರ ಪಾಲೂ ಸೇರಿಸಿ. ಅಕ್ಕಂದಿರ ಯುಎಎನ್ ನಂಬರ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ), ಸ್ಯಾಲರಿ ಸ್ಲಿಪ್, ಪಿಎಫ್ ಪಾಸ್‌ಬುಕ್ ಪ್ರಿಂಟ್ ಎಲ್ಲಾ ಇಸ್ಕೊಂಡು ಇಡು, ಆನ್‌ಲೈನಲ್ಲೂ ದೂರು ಹಾಕಬಹುದು. ಕೈಲಿ ಕೊಡೋದಾದ್ರೆ ಸೋಮವಾರ ನಾನು ರಜೆ ಹಾಕ್ತೀನಿ, ಪಿಎಫ್ ಆಫೀಸಿಗೆ ಒಟ್ಟಿಗೇ ಹೋಗೋಣ, ಅಕ್ಕಂದಿರಲ್ಲಿ ಯಾರು ಬರ್ತಾರೋ ಅವರನ್ನೂ ಕರ್ಕೊಂಡು. ಹೊರಡೋ ಮುಂಚೆ ಪ್ರಾರ್ಥನೆ ನೀನೇ ಮಾಡು.

ನಿನ್ನ ಗೆಳೆಯ